ಕುಮಾವೂನ್ ಬೆಟ್ಟಕ್ಕೆ ಬೆಂಕಿ ಬೀಳುವುದೇಕೆ?



ಬೇಸಿಗೆಯ ಫೋನ್-ಇನ್ ಕಾರ್ಯಕ್ರಮಕ್ಕೆ ದ್ವಾರಕಾದಿಂದ ಕೇಳುಗರೊಬ್ಬರು ಕರೆ ಮಾಡಿದ್ದರು. ಹಾಡಿನ ಹೆಸರು ಹೇಳುವ ಮೊದಲು ಒಂದು ಪ್ರಶ್ನೆ ಹಾಕಿದರು. "ಅಲ್ಲ ಮೇಡಂ, ದೆಹಲಿ ಸೆಕೆ ತಡೆಯೋಕಾಗದೆ ನಾವು ಮೇ ತಿಂಗಳಲ್ಲಿ ನೈನಿತಾಲ್ ಕಡೆ ಹೋಗ್ತೀವಿ. ಅಲ್ಲಿ ನೋಡಿದ್ರೆ ಬೆಟ್ಟವೇ ಉರೀತಿರುತ್ತೆ! ಅಷ್ಟು ತಂಪು ಜಾಗದಲ್ಲಿ ಬೆಂಕಿ ಹೇಗೆ? ಯಾರೋ ಬೀಡಿ ಸೇದಿ ಎಸೆದ್ರು ಅಂತಾರೆ. ಒಂದು ಬೀಡಿಗೆ ಇಡೀ ಬೆಟ್ಟ ಉರಿಯುತ್ತಾ?"

ಹಾಡಿಗೆ ಹೊತ್ತಾಗಿತ್ತು. "ಅಲ್ಲಿನ ಪೈನ್ ಮರದ ಒಣಗಿದ ಎಲೆಗಳು ಬೇಗ ಹೊತ್ತಿಕೊಳ್ಳುತ್ತವೆ" ಎಂದು ಅರ್ಧ ನಿಮಿಷದಲ್ಲಿ ಹೇಳಿ ಹಾಡು ಹಾಕಿಬಿಟ್ಟೆ. ಉತ್ತರ ತಪ್ಪಲ್ಲ, ಆದರೆ ಅರ್ಧ ಮಾತ್ರ. ಅಷ್ಟೊಂದು ಪೈನ್ ಆ ಬೆಟ್ಟಗಳಲ್ಲಿ ತುಂಬಿಕೊಂಡದ್ದು ಹೇಗೆ ಎಂಬುದು ಉಳಿದರ್ಧ. ಆ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ. ಜಿಮ್ ಕಾರ್ಬೆಟ್‌ನ ನರಭಕ್ಷಕ ಹುಲಿಗಳ ಕಥೆ ಓದಿ ಬೆಳೆದ ಕನ್ನಡಿಗರಿಗೆ ಕುಮಾವೂನ್ ಎಂಬ ಹೆಸರೇನೂ ಹೊಸದಲ್ಲ. ಆದರೆ ಅಲ್ಲಿನ ಕಾಡಿಗೂ ಒಂದು ಕಥೆಯಿದೆ.

ಎರಡು ಮರ, ಎರಡು ಕಾಡು

ಕಾಠಗೋದಾಮ್ ನಿಲ್ದಾಣದಲ್ಲಿ ರೈಲಿಳಿದು, ಟ್ಯಾಕ್ಸಿ ಹಿಡಿದು, ಭವಾಲಿ ದಾಟಿ ಅಲ್ಮೋರಾ ಕಡೆ ಹೊರಡಿ. ದಾರಿಯ ಎರಡೂ ಬದಿ ಕಂಬ ನೆಟ್ಟಂತೆ ನೆಟ್ಟಗೆ ನಿಂತ ಮರಗಳು. ಗಾಳಿ ಬೀಸಿದರೆ ದೂರದ ಸಮುದ್ರದ ಮೊರೆತದಂಥ ಸದ್ದು. ಇದೇ ಚೀಡ್, ಅಂದರೆ ಚೀರ್ ಪೈನ್. ಮೊದಲ ಸಲ ನೋಡಿದಾಗ 'ಆಹಾ, ಮನುಷ್ಯರ ಕೈ ಸೋಕದ ಕಾಡು!' ಅಂದುಕೊಂಡಿದ್ದೆ. ಎಷ್ಟು ತಪ್ಪು ತಿಳಿದಿದ್ದೆ ಎಂದು ಆಮೇಲೆ ಗೊತ್ತಾಯಿತು.

ಚೀಡ್ ಮರದ ಎಲೆ ಗೇಣುದ್ದದ ಸೂಜಿಯ ಹಾಗಿರುತ್ತದೆ. ಮಾರ್ಚ್‌ನಿಂದ ಜೂನ್‌ವರೆಗೆ, ಸರಿಯಾಗಿ ಬಿರುಬೇಸಿಗೆಯಲ್ಲೇ, ಇವು ರಾಶಿರಾಶಿಯಾಗಿ ಉದುರುತ್ತವೆ. ಅಲ್ಲಿನವರು ಇದನ್ನು ಪಿರೂಲ್ ಎನ್ನುತ್ತಾರೆ. ಕಾಲಿಟ್ಟರೆ ಎಣ್ಣೆ ಸವರಿದ ನೆಲದ ಹಾಗೆ ಜಾರುತ್ತದೆ. ಅದರಲ್ಲಿ ರಾಳದ ಅಂಶವಿದೆ, ಬೇಗ ಕೊಳೆಯುವುದಿಲ್ಲ. ಅದರ ಮೇಲೆ ಕಿಡಿ ಬಿದ್ದರೆ ಹೇಗಿರಬಹುದು, ಯೋಚಿಸಿ.

ಅದೇ ಅಲ್ಮೋರಾದಿಂದ ಇನ್ನೂ ಮೇಲೆ ಬಿನ್ಸರ್ ಕಡೆಗೆ ಹತ್ತಿದರೆ ಕಾಡು ಬೇರೆಯದೇ ಆಗುತ್ತದೆ. ಗಿಡ್ಡ, ಸೊಟ್ಟ ಕಾಂಡದ ಮರಗಳು. ಕೊಂಬೆಗಳ ಮೇಲೆ ಪಾಚಿ, ಜರಿಗಿಡ. ಕೆಳಗೆ ನೆರಳು, ಮೆತ್ತನೆಯ ಕಪ್ಪು ಮಣ್ಣು. ಇದು ಬಾಂಜ್, ಹಿಮಾಲಯದ ಓಕ್ ಮರ. ಎಲೆಯ ಮೇಲ್ಭಾಗ ಕಡುಹಸಿರು, ತಿರುಗಿಸಿ ನೋಡಿದರೆ ಬೆಳ್ಳಿಯ ಬಿಳಿ. ಇದರ ಜೊತೆಗೆ ಕೆಂಪು ಹೂವಿನ ಬುರಾಂಶ್, ಬೇಸಿಗೆಯಲ್ಲಿ ರಸ್ತೆ ಬದಿ ಬುಟ್ಟಿಯಲ್ಲಿಟ್ಟು ಮಾರುವ ಕಾಫಲ್ ಹಣ್ಣಿನ ಮರ.

ದಾರಿಯ ಚಹಾ ಅಂಗಡಿಯಲ್ಲಿ ಕೂತಿದ್ದ ಹಿರಿಯರೊಬ್ಬರನ್ನು, "ಬಾಬೂಜಿ, ಕೆಳಗೊಂದು ಕಾಡು, ಮೇಲೊಂದು ಕಾಡು, ಯಾಕೆ ಹೀಗೆ?" ಎಂದು ಕೇಳಿದೆ. ಅವರು ನಕ್ಕು, "ಬೇಟಿ, ಚೀಡ್ ಸರ್ಕಾರದ ಮರ. ಬಾಂಜ್ ನಮ್ಮ ಮರ" ಎಂದರು. ಮಾತು ಆಗ ಪೂರ್ತಿ ಅರ್ಥವಾಗಲಿಲ್ಲ. ದೆಹಲಿಗೆ ಮರಳಿ ಓದತೊಡಗಿದಾಗ ತಿಳಿಯಿತು, ನೂರೈವತ್ತು ವರ್ಷದ ಇತಿಹಾಸವನ್ನು ಅವರು ಎರಡು ವಾಕ್ಯದಲ್ಲಿ ಹೇಳಿಬಿಟ್ಟಿದ್ದರು!

ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಚೀಡ್ ಹೊರಗಿನಿಂದ ತಂದು ನೆಟ್ಟ ಮರವಲ್ಲ, ಹಿಮಾಲಯದ್ದೇ ಮಗು. ತಗ್ಗಿನ ಬೆಟ್ಟಗಳು, ಬಿಸಿಲು ಬೀಳುವ ಒಣ ಇಳಿಜಾರುಗಳು ಅದರ ಸಹಜ ಜಾಗ. ಆದರೆ ಅದು ತನ್ನ ಜಾಗ ಬಿಟ್ಟು ಬಾಂಜ್‌ನ ಜಾಗಕ್ಕೂ ಕಾಲಿಟ್ಟಿತು. ಹಾಗೆ ಕಾಲಿಡಲು ಕೊಡಲಿಯೂ ಬೆಂಕಿಯೂ ದಾರಿ ಮಾಡಿಕೊಟ್ಟವು.

ರೈಲು ಬಂತು, ಕೊಡಲಿ ಬಂತು

1815ರಲ್ಲಿ ಗೂರ್ಖಾಗಳನ್ನು ಸೋಲಿಸಿ ಈಸ್ಟ್ ಇಂಡಿಯಾ ಕಂಪನಿ ಕುಮಾವೂನನ್ನೂ ಗಢವಾಲದ ಪೂರ್ವ ಭಾಗವನ್ನೂ ವಶಮಾಡಿಕೊಂಡಿತು. ಆಗ ಅದಕ್ಕೆ ಬೆಟ್ಟದ ಕಾಡಿನ ಮೇಲೆ ಅಷ್ಟೇನೂ ಕಣ್ಣಿರಲಿಲ್ಲ. 1853ರಲ್ಲಿ ಬೊಂಬಾಯಿ-ಠಾಣೆ ನಡುವೆ ರೈಲು ಓಡಿತು ನೋಡಿ, ಲೆಕ್ಕಾಚಾರವೇ ಬದಲಾಯಿತು. ಹಳಿಯ ಕೆಳಗೆ ಅಡ್ಡಲಾಗಿ ಹಾಸುವ ಮರದ ಸ್ಲೀಪರ್‌ಗಳು ಲಕ್ಷಗಟ್ಟಲೆ ಬೇಕಾದವು. ಗೆದ್ದಲು ಹಿಡಿಯದ, ಮಳೆಗೆ ಕೊಳೆಯದ ಮರ ಅಂದರೆ ಸಾಲ, ತೇಗ, ದೇವದಾರು.

1850ರ ದಶಕದಲ್ಲಿ ಫ್ರೆಡರಿಕ್ ವಿಲ್ಸನ್ ಎಂಬ ಆಂಗ್ಲ ವ್ಯಕ್ತಿ ಟೆಹ್ರಿಯ ರಾಜನಿಂದ ಕಾಡಿನ ಗುತ್ತಿಗೆ ಹಿಡಿದು, ದೇವದಾರು ಕಡಿಸಿ, ದಿಮ್ಮಿಗಳನ್ನು ಭಾಗೀರಥಿ ನದಿಯಲ್ಲಿ ತೇಲಿಬಿಟ್ಟು ಬಯಲಿಗೆ ಸಾಗಿಸಿದ. ಜನ ಅವನನ್ನು 'ಪಹಾಡಿ ವಿಲ್ಸನ್' ಎಂದೇ ಕರೆದರು. 1864ರಲ್ಲಿ ಡೀಟ್ರಿಚ್ ಬ್ರಾಂಡಿಸ್ ಎಂಬ ಜರ್ಮನ್ ತಜ್ಞ ಅರಣ್ಯ ಇಲಾಖೆಯ ಮೊದಲ ಮಹಾನಿರೀಕ್ಷಕನಾದ. 1865 ಮತ್ತು 1878ರಲ್ಲಿ ಅರಣ್ಯ ಕಾಯ್ದೆಗಳು ಬಂದವು. ಕಾಡು ಸರ್ಕಾರದ್ದಾಯಿತು.

ಆಗಿನ್ನೂ ಚೀಡ್‌ಗೆ ಅಷ್ಟು ಬೆಲೆಯಿರಲಿಲ್ಲ. ಅದರ ಅದೃಷ್ಟ ಖುಲಾಯಿಸಿದ್ದು ಎರಡು ಕಾರಣಕ್ಕೆ. ಮೊದಲನೆಯದು ರಾಳ. ಕಾಂಡದ ತೊಗಟೆ ಕೆತ್ತಿ ಗಾಯಮಾಡಿದರೆ ಅಂಟಾದ ರಾಳ ಒಸರುತ್ತದೆ. ಅದನ್ನು ಭಟ್ಟಿ ಇಳಿಸಿದರೆ ಬಣ್ಣಕ್ಕೆ ಬೆರೆಸುವ ಟರ್ಪೆಂಟೈನ್, ಸೋಪು-ಕಾಗದದ ಕಾರ್ಖಾನೆಗಳಿಗೆ ಬೇಕಾದ ರೋಸಿನ್ ಸಿಗುತ್ತದೆ. ಎರಡನೆಯದು, ಚೀಡ್ ಮರಕ್ಕೆ ರಾಸಾಯನಿಕ ಕುಡಿಸಿ ಬಾಳಿಕೆ ಬರುವ ಸ್ಲೀಪರ್ ಮಾಡುವ ವಿದ್ಯೆ. 20ನೆಯ ಶತಮಾನದ ಆರಂಭದ ವೇಳೆಗೆ ಚೀಡ್ ಹಣದ ಮರವಾಯಿತು. 1911ರಿಂದ 1917ರವರೆಗೆ ಕುಮಾವೂನಿನ ಕಾಡುಗಳನ್ನು ಅಳೆದು, ಗಡಿಕಲ್ಲು ನೆಟ್ಟು, ಮೀಸಲು ಅರಣ್ಯವೆಂದು ಘೋಷಿಸಲಾಯಿತು.

ಇನ್ನು ಬಾಂಜ್? ಅದರ ಕಾಂಡ ಸೊಟ್ಟ, ಹಲಗೆ ಬಾರದು, ರಾಳವಿಲ್ಲ. ಆದರೆ ಹಳ್ಳಿಯವರಿಗೆ ಬದುಕೇ ಅದು. ದನಕ್ಕೆ ಸೊಪ್ಪು, ಒಲೆಗೆ ಸೌದೆ, ನೇಗಿಲಿಗೆ ಮರ, ಕೊಟ್ಟಿಗೆಗೆ ಹಾಸಿ ಆಮೇಲೆ ಗದ್ದೆಗೆ ಹಾಕುವ ತರಗೆಲೆ. ಸರ್ಕಾರದ ಲೆಕ್ಕದ ಪುಸ್ತಕದಲ್ಲಿ ಮಾತ್ರ ಅದಕ್ಕೆ ಬೆಲೆ ಇರಲಿಲ್ಲ.

1921ರ ಬೇಸಿಗೆ

ಇಲ್ಲಿ ಬೆಂಕಿಯ ಪ್ರವೇಶವಾಗುತ್ತದೆ. ಬೆಟ್ಟದ ಜನ ಹಿಂದಿನಿಂದಲೂ ಬೆಂಕಿಯನ್ನು ಬಳಸುತ್ತಿದ್ದರು. ಚೀಡ್ ಕಾಡಿನ ನೆಲದ ಮೇಲಿನ ಪಿರೂಲ್‌ಗೆ, ಒಣಹುಲ್ಲಿಗೆ ಬೆಂಕಿ ಕೊಟ್ಟರೆ ಮಳೆ ಬಿದ್ದೊಡನೆ ಎಳೆಹುಲ್ಲು ಚಿಗುರುತ್ತಿತ್ತು, ದನಗಳಿಗೆ ಮೇವಾಗುತ್ತಿತ್ತು. ಕಾಡು ಮೀಸಲಾದ ಮೇಲೆ ಇದು ಅಪರಾಧವಾಯಿತು. ಸೊಪ್ಪು ಕಡಿಯುವುದಕ್ಕೆ, ದನ ಮೇಯಿಸುವುದಕ್ಕೆ ನಿರ್ಬಂಧ ಬಂತು. ಇದರ ಜೊತೆಗೆ ಅಧಿಕಾರಿಗಳ ಸಾಮಾನನ್ನು ಹೊರುವ ಬಿಟ್ಟಿ ಚಾಕರಿ ಬೇರೆ.

1921ರ ಜನವರಿಯಲ್ಲಿ, ನಮ್ಮ ಸಂಕ್ರಾಂತಿಯ ಹೊತ್ತಿಗೆ ಬರುವ ಉತ್ತರಾಯಣಿ ಜಾತ್ರೆಯಲ್ಲಿ, ಬದ್ರಿದತ್ತ ಪಾಂಡೆ ಮುಂತಾದವರ ಮುಂದಾಳತ್ವದಲ್ಲಿ ಜನ ಬಾಗೇಶ್ವರದ ಸರಯೂ ನದಿಗೆ ಬಿಟ್ಟಿ ಚಾಕರಿಯ ರಿಜಿಸ್ಟರ್‌ಗಳನ್ನು ಎಸೆದುಬಿಟ್ಟರು. ಅದೇ ವರ್ಷ ಬೇಸಿಗೆಯಲ್ಲಿ ಕುಮಾವೂನಿನ ಕಾಡುಗಳು ಹೊತ್ತಿ ಉರಿದವು. ಅವೆಲ್ಲ ಆಕಸ್ಮಿಕವಲ್ಲ. ಎಷ್ಟೋ ಕಡೆ ಜನರೇ ಇಟ್ಟ ಬೆಂಕಿ.

ಇತಿಹಾಸಕಾರ ರಾಮಚಂದ್ರ ಗುಹಾ ನಮ್ಮ ಬೆಂಗಳೂರಿನಲ್ಲೇ ನೆಲೆಸಿದವರು, ಹುಟ್ಟಿದ್ದು ಡೆಹ್ರಾಡೂನಿನಲ್ಲಿ. ಈ ಬೆಟ್ಟಗಳ ಬಗ್ಗೆ 1989ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಅವರು ಒಂದು ಮುಖ್ಯ ಸಂಗತಿ ಗುರುತಿಸಿದ್ದಾರೆ. ಅಂದು ಉರಿದದ್ದು ಹೆಚ್ಚಾಗಿ ಮರಮುಟ್ಟು, ರಾಳಕ್ಕಾಗಿ ಸರ್ಕಾರ ಕಾಪಾಡುತ್ತಿದ್ದ ಚೀಡ್ ಕಾಡು. ಜನ ಬದುಕಿಗೆ ನಂಬಿಕೊಂಡಿದ್ದ ಅಗಲ ಎಲೆಯ ಕಾಡುಗಳು ಬಹುಮಟ್ಟಿಗೆ ಉಳಿದುಕೊಂಡವು. ಬೆಂಕಿ ಇಟ್ಟ ಕೈಗೆ ಯಾವ ಮರ ತನ್ನದು, ಯಾವುದು ಅಲ್ಲ ಎಂಬುದು ಚೆನ್ನಾಗಿ ಗೊತ್ತಿತ್ತು! ರಾಳಕ್ಕಾಗಿ ಗಾಯಮಾಡಿದ್ದ ಮರಗಳಂತೂ ಸುಲಭದ ತುತ್ತು. ಆ ಗಾಯದಲ್ಲಿ ಒಸರಿ ಗಟ್ಟಿಯಾದ ರಾಳಕ್ಕೆ ಉರಿ ತಾಗಿದರೆ ಬತ್ತಿ ಹಚ್ಚಿದ ಹಾಗೆ.

ಸರ್ಕಾರ ಬೆದರಿತು. ಜನರ ದೂರು ಕೇಳಲು ಸಮಿತಿ ನೇಮಿಸಿತು. ಕಾಡನ್ನು ಎರಡು ವರ್ಗ ಮಾಡಲಾಯಿತು. ವ್ಯಾಪಾರಕ್ಕೆ ಬಾರದ್ದು ಮೊದಲ ವರ್ಗ, ಅದರ ಮೇಲಿನ ನಿರ್ಬಂಧ ಸಡಿಲವಾಯಿತು. ವ್ಯಾಪಾರಕ್ಕೆ ಬರುವ ಚೀಡ್ ಮೊದಲಾದವು ಎರಡನೆಯ ವರ್ಗ, ಅವು ಅರಣ್ಯ ಇಲಾಖೆಯ ಕೈಯಲ್ಲೇ ಉಳಿದವು. ಚಹಾ ಅಂಗಡಿಯ ಹಿರಿಯರ ಮಾತು ನೆನಪಾಯಿತೇ? ಚೀಡ್ ಸರ್ಕಾರದ್ದು, ಬಾಂಜ್ ನಮ್ಮದು! 1931ರಲ್ಲಿ ಹಳ್ಳಿಗಳೇ ಕಾಡು ನೋಡಿಕೊಳ್ಳುವ ವನ ಪಂಚಾಯತ್‌ಗಳಿಗೆ ನಿಯಮ ಬಂತು. ಇಂದು ಉತ್ತರಾಖಂಡದಲ್ಲಿ ಇಂಥವು 11,000ಕ್ಕೂ ಹೆಚ್ಚಿವೆ.

ಬೆಂಕಿ ಆರಿದ ಮೇಲೆ

ಹಾಗಾದರೆ ಬಾಂಜ್ ಗೆದ್ದಿತಲ್ಲ ಎನ್ನುತ್ತೀರಾ? ಇಲ್ಲ, ಆದದ್ದು ಉಲ್ಟಾ. ನೈನಿತಾಲ್, ರಾಣಿಖೇತ್‌ನಂಥ ಊರುಗಳ, ದಂಡುಗಳ ಒಲೆಗೆ ಸೌದೆಯಾಗಿ, ಇದ್ದಿಲಾಗಿ ಬಾಂಜ್ ಹೋಯಿತು. ಕೈಗೆ ಸಿಗುವ ಕಾಡು ಸಣ್ಣದಾದಷ್ಟೂ ಉಳಿದ ಮರಗಳ ಮೇಲೆ ಸೊಪ್ಪಿಗಾಗಿ ಏರುವ ಕೈಗಳು ಹೆಚ್ಚಾದವು. ಕೊಂಬೆ ಕಡಿದ ಮರ ಬೋಳಾಯಿತು. ನೆರಳು ಹೋದಲ್ಲಿ ಬಿಸಿಲು ನೆಲ ಮುಟ್ಟಿತು.

ಚೀಡ್ ಕಾಯುತ್ತಿದ್ದುದು ಇದಕ್ಕೇ. ಅದರ ಬೀಜಕ್ಕೆ ರೆಕ್ಕೆಯಿದೆ, ಗಾಳಿಯಲ್ಲಿ ಹಾರಿಬರುತ್ತದೆ. ಬಿಸಿಲು ಬೇಕು, ಬರಿಯ ನೆಲ ಬೇಕು. ಬೆಂಕಿ ತರಗೆಲೆಯನ್ನು ಸುಟ್ಟು ಅಂಥ ನೆಲವನ್ನು ಸಿದ್ಧಮಾಡಿ ಕೊಡುತ್ತದೆ. ಬೆಳೆದ ಚೀಡ್‌ನ ತೊಗಟೆ ದಪ್ಪ, ಕಾಲಬುಡದ ಬೆಂಕಿಯನ್ನು ತಾಳಿಕೊಳ್ಳುತ್ತದೆ. ಬಾಂಜ್‌ನ ಬೀಜ ಭಾರದ ಕಾಯಿ, ದೂರ ಹೋಗದು, ಬೇಗ ಒಣಗಿ ಸಾಯುತ್ತದೆ. ಅದರ ಸಸಿಗೆ ನೆರಳು, ತೇವ ಬೇಕು. ಬೆಂಕಿ ಬಂದರೆ ಸಸಿಗಳೇ ಮೊದಲು ಹೋಗುತ್ತವೆ. ಕಡಿದ ಬುಡದಿಂದ ಬಾಂಜ್ ಚಿಗುರಬಲ್ಲದು, ನಿಜ. ಆದರೆ ಮತ್ತೆ ಮತ್ತೆ ಕಡಿದು, ಮತ್ತೆ ಮತ್ತೆ ಸುಟ್ಟರೆ ಎಷ್ಟು ಸಲ ಚಿಗುರೀತು?

ಹೀಗೆ ಒಂದು ಚಕ್ರ ತಿರುಗತೊಡಗಿತು. ಬಾಂಜ್ ಕಡಿಮೆಯಾದಲ್ಲಿ ಚೀಡ್ ಬಂತು. ಚೀಡ್ ಬಂದಲ್ಲಿ ಪಿರೂಲ್ ರಾಶಿ ಬಿತ್ತು. ಪಿರೂಲ್ ಬಿದ್ದಲ್ಲಿ ಬೆಂಕಿ ಬಂತು. ಬೆಂಕಿ ಬಂದಲ್ಲಿ ಬಾಂಜ್ ಇನ್ನಷ್ಟು ಹಿಂದೆ ಸರಿಯಿತು. ಗಾಂಧೀಜಿಯ ಶಿಷ್ಯೆ ಮೀರಾಬೆನ್ ಸ್ವಾತಂತ್ರ್ಯಾನಂತರ ಗಢವಾಲದ ಬೆಟ್ಟಗಳಲ್ಲಿ ನೆಲೆಸಿದ್ದರು. ಬಾಂಜ್ ಕಾಡು ಹೋಗಿ ಚೀಡ್ ಬರುತ್ತಿರುವುದನ್ನು ಕಣ್ಣಾರೆ ಕಂಡು, ಹಿಮಾಲಯದಲ್ಲಿ ಏನೋ ಎಡವಟ್ಟಾಗುತ್ತಿದೆ ಎಂದು 1950ರ ದಶಕದ ಆರಂಭದಲ್ಲೇ ಬರೆದು ಎಚ್ಚರಿಸಿದ್ದರು. ಕೇಳಿಸಿಕೊಂಡವರು ಕಡಿಮೆ.

1973ರಲ್ಲಿ ಮಂಡಲ್‌ನಲ್ಲಿ, 1974ರ ಮಾರ್ಚ್‌ನಲ್ಲಿ ಗೌರಾದೇವಿಯ ಮುಂದಾಳತ್ವದಲ್ಲಿ ರೇಣಿ ಗ್ರಾಮದಲ್ಲಿ ಚಿಪ್ಕೋ ನಡೆದದ್ದು ನಿಮಗೆಲ್ಲ ಗೊತ್ತೇ ಇದೆ. 1980ರ ದಶಕದ ಆರಂಭದಲ್ಲಿ 1,000 ಮೀಟರ್‌ಗಿಂತ ಎತ್ತರದಲ್ಲಿ ಹಸಿರು ಮರ ಕಡಿಯುವುದಕ್ಕೆ 15 ವರ್ಷಗಳ ನಿಷೇಧ ಬಂತು. ಕೊಡಲಿ ನಿಂತಿತು. ಆದರೆ ಅಷ್ಟರಲ್ಲಿ ಬೆಟ್ಟದ ಮೈ ಬದಲಾಗಿತ್ತು. ಇಂದು ಉತ್ತರಾಖಂಡದಲ್ಲಿ ಸುಮಾರು 4 ಲಕ್ಷ ಹೆಕ್ಟೇರ್ ಚೀಡ್ ಕಾಡಿದೆ.

ಇದಕ್ಕೆ ಹೊಸದೊಂದು ಕಾರಣವೂ ಸೇರಿತು. 2001 ಮತ್ತು 2011ರ ಜನಗಣತಿಗಳ ನಡುವೆ ಅಲ್ಮೋರಾ ಮತ್ತು ಪೌಡಿ ಗಢವಾಲ ಜಿಲ್ಲೆಗಳ ಜನಸಂಖ್ಯೆ ಇಳಿಯಿತು. ದುಡಿಯುವವರು ಬಯಲಿಗೆ, ನಮ್ಮ ದೆಹಲಿಗೇ ಬಂದರು. ಊರಿನಲ್ಲಿ ದನಗಳಿಲ್ಲ, ಕೊಟ್ಟಿಗೆಗೆ ಪಿರೂಲ್ ಒಟ್ಟುವವರಿಲ್ಲ. ಬೆಂಕಿ ಬಿದ್ದರೆ ಹಸಿಕೊಂಬೆ ಹಿಡಿದು ಓಡುವ ಕಾಲುಗಳೂ ಇಲ್ಲ.

1995, 1999, 2016, 2024 ಇವು ದೊಡ್ಡ ಬೆಂಕಿಯ ವರ್ಷಗಳು. 2016ರಲ್ಲೂ 2024ರಲ್ಲೂ ವಾಯುಪಡೆಯ ಹೆಲಿಕಾಪ್ಟರ್‌ಗಳು ಭೀಮತಾಲ್ ಸರೋವರದಿಂದ ನೀರು ತುಂಬಿ ತಂದು ಸುರಿದವು. 2024ರ ಜೂನ್ 13ರಂದು ಬಿನ್ಸರ್ ಅಭಯಾರಣ್ಯದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ಸಿಬ್ಬಂದಿಯಲ್ಲಿ ನಾಲ್ವರು ಸ್ಥಳದಲ್ಲೇ ಸುಟ್ಟು ಸತ್ತರು. ಗಾಯಗೊಂಡವರನ್ನು ದೆಹಲಿಯ ಏಮ್ಸ್ ಆಸ್ಪತ್ರೆಗೆ ತರಲಾಯಿತು. ಅವರಲ್ಲೂ ಎಲ್ಲರೂ ಉಳಿಯಲಿಲ್ಲ. ಬಾಂಜ್ ಕಾಡನ್ನು ಉಳಿಸಲೆಂದು 1988ರಲ್ಲಿ ಮಾಡಿದ ಅಭಯಾರಣ್ಯ ಅದು. ನಾನು ಪಾಚಿ ಮುಟ್ಟಿ ಬಂದಿದ್ದ ಅದೇ ಬೆಟ್ಟ. ಆ ದಿನದ ಸುದ್ದಿ ಓದುವಾಗ ದನಿ ಸ್ವಲ್ಪ ತಡವರಿಸಿತು ಎಂದು ಒಪ್ಪಿಕೊಳ್ಳುತ್ತೇನೆ.

ನೀರಿನ ಮಾತು

'ಯಾವ ಮರವಾದರೇನು, ಹಸಿರಿದ್ದರೆ ಸಾಕಲ್ಲ?' ಎಂದು ಕೇಳಬಹುದು. ಬೆಟ್ಟದ ಹೆಂಗಸರನ್ನು ಕೇಳಿದರೆ ಅವರು ಕೊಡ ತೋರಿಸುತ್ತಾರೆ. ಅಲ್ಲಿನ ಹಳ್ಳಿಗಳು ನದಿಯ ನೀರು ಕುಡಿಯುವುದಿಲ್ಲ. ನದಿ ಎಲ್ಲೋ ಕೆಳಗೆ ಕಣಿವೆಯಲ್ಲಿದೆ. ಅವರಿಗೆ ಒರತೆಗಳೇ ಗತಿ. ಒರತೆಗೆ ಕಲ್ಲು ಕಟ್ಟಿ ಮಾಡಿದ ಮೆಟ್ಟಿಲ ಕೊಳ ನೌಲಾ, ದೋಣಿಯಿಂದ ಸುರಿದರೆ ಅದು ಧಾರಾ. ಬಾಂಜ್ ಕಾಡಿನ ಮೆತ್ತನೆಯ ಮಣ್ಣು ಮಳೆಯನ್ನು ಹೀರಿ ನಿಧಾನವಾಗಿ ಒಳಗಿಳಿಸುತ್ತದೆ. ಬೆಂಕಿಗೆ ಸುಟ್ಟು ಗಟ್ಟಿಯಾದ ಇಳಿಜಾರಿನಲ್ಲಿ ನೀರು ಹರಿದು ಹೋಗುತ್ತದೆ, ಜೊತೆಗೆ ಮಣ್ಣೂ.

ಹಿಮಾಲಯದ ಒರತೆಗಳಲ್ಲಿ ಅರ್ಧದಷ್ಟು ಬತ್ತುತ್ತಿವೆ ಎಂದು ನೀತಿ ಆಯೋಗದ 2018ರ ವರದಿ ಹೇಳಿತು. ಎಲ್ಲಕ್ಕೂ ಚೀಡ್ ಒಂದೇ ಕಾರಣ ಎಂದರೆ ಅನ್ಯಾಯವಾದೀತು. ರಸ್ತೆಗಾಗಿ ಬೆಟ್ಟ ಕಡಿದದ್ದಿದೆ, ಮಳೆಯ ರೀತಿ ಬದಲಾದದ್ದಿದೆ, ಕಟ್ಟಡಗಳಿವೆ. ಆದರೂ ಬಾಂಜ್ ಇದ್ದಲ್ಲಿ ನೀರು ಎಂಬುದು ಅಲ್ಲಿನವರ ಅನುಭವ.

ನಮಗೂ ಇದಕ್ಕೂ ಏನು ಸಂಬಂಧ? ದೆಹಲಿಯ ಸೋನಿಯಾ ವಿಹಾರದ ನೀರಿನ ಘಟಕಕ್ಕೆ ಬರುವುದು ಗಂಗೆಯ ಕಾಲುವೆಯ ನೀರು. ಬೆಳಗ್ಗೆ ರೇಡಿಯೋ ಹಚ್ಚಿ ನೀವು ಕಾಫಿಗೆ ಇಡುವ ನೀರಿನಲ್ಲೂ ಆ ಬೆಟ್ಟಗಳ ಪಾಲಿರಬಹುದು.

ಬೆಂಕಿಯನ್ನು ಬಲ್ಲವರು

ಹಾಗಂತ ಚೀಡ್ ಎಲ್ಲ ಕಡಿದುಹಾಕಿ ಎಂದರೆ ಇನ್ನೊಂದು ಅನಾಹುತ. ಕಡಿದಾದ ಇಳಿಜಾರು ಬೋಳಾದರೆ ಮಳೆಗಾಲದಲ್ಲಿ ಬೆಟ್ಟವೇ ಜಾರಿಬಂದೀತು. ಬೆಂಕಿಯೇ ಬೇಡ ಎಂದರೂ ಆಗದು. ಅರಣ್ಯ ಇಲಾಖೆಯವರೇ ಚಳಿಗಾಲದಲ್ಲಿ, ನೆಲದಲ್ಲಿ ತೇವವಿರುವಾಗ, ಅಲ್ಲಲ್ಲಿ ಎಚ್ಚರದಿಂದ ಸುಟ್ಟು ಬೆಂಕಿ ರೇಖೆ ಮಾಡುತ್ತಾರೆ. ಅಲ್ಮೋರಾ ಹತ್ತಿರದ ಶೀತಲಾಖೇತ್ ಸುತ್ತಿನ ಹಳ್ಳಿಗಳವರು ಹೊಲದ ಕಳೆಕಸ ಸುಡುವ ಕೆಲಸವನ್ನು ಮಾರ್ಚ್ ಒಳಗೇ ಮುಗಿಸುವ ಕಟ್ಟುಪಾಡು ಮಾಡಿಕೊಂಡಿದ್ದಾರೆ. ಹೊಲದ ಬೆಂಕಿ ಹಬ್ಬಿಯೇ ಕಾಡು ಹೊತ್ತುವುದು ಹೆಚ್ಚು ಎಂಬುದು ಅವರ ಅರಿವು. ಪೌಡಿ ಗಢವಾಲದ ಉಫರೈಂಖಾಲ್‌ನಲ್ಲಿ ಶಿಕ್ಷಕ ಸಚ್ಚಿದಾನಂದ ಭಾರತಿಯವರು ಹಳ್ಳಿಯವರ ಜೊತೆಗೂಡಿ ಬೆಟ್ಟದ ಮೇಲೆ ಸಾವಿರಾರು ಸಣ್ಣ ಗುಂಡಿ ತೋಡಿಸಿ ಮಳೆನೀರು ಇಂಗಿಸಿದರು. ನೆಲದಲ್ಲಿ ತೇವ ನಿಂತಿತು, ಅಗಲ ಎಲೆಯ ಮರಗಳು ಮೇಲೆದ್ದವು, ಒಣಗಿದ್ದ ತೊರೆ ಮತ್ತೆ ಹರಿಯಿತು.

ಇದನ್ನೆಲ್ಲ ಓದುವಾಗ ಊರಿನ ನೆನಪಾಗದೆ ಇರುತ್ತದೆಯೇ? ಉತ್ತರ ಕನ್ನಡದವರಿಗೆ ಸೊಪ್ಪಿನ ಬೆಟ್ಟ ಗೊತ್ತು. ಅಡಿಕೆ ತೋಟಕ್ಕೆ ಸೊಪ್ಪು, ದರಕು ಕೊಡುವ ಕಾಡು. ಅಲ್ಲಿಯೂ ಸಹಜ ಕಾಡು ಕಡಿದು ತೇಗದ ತೋಪು ಮಾಡುವುದಕ್ಕೆ ಎದುರಾಗಿ 1983ರ ಸೆಪ್ಟೆಂಬರ್ 8ರಂದು ಶಿರಸಿ ಬಳಿಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡರು. ಪಾಂಡುರಂಗ ಹೆಗಡೆಯವರು ಮುಂದಾಳಾಗಿದ್ದ ಆ ಅಪ್ಪಿಕೋ ಚಳವಳಿಗೆ ಸ್ಫೂರ್ತಿ ಈ ಹಿಮಾಲಯದ ಚಿಪ್ಕೋ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ವರ್ಷದ ಮೊದಲಲ್ಲೇ ಹಚ್ಚುತ್ತಿದ್ದ 'ತರಗು ಬೆಂಕಿ' ನಿಂತ ಮೇಲೆ ಲಂಟಾನ ಪೊದೆ ಹಬ್ಬಿತು ಎಂದು ಹಿರಿಯ ಸೋಲಿಗರು ಹೇಳುತ್ತಾರೆ. ಬೆಂಕಿ ಒಳ್ಳೆಯದೋ ಕೆಟ್ಟದೋ ಎಂದು ಕೇಳುವ ಬದಲು, ಯಾವಾಗ, ಯಾರ ಕೈಯಲ್ಲಿ, ಯಾವ ಕಾಡಿನಲ್ಲಿ ಎಂದು ಕೇಳಬೇಕೇನೋ.

ದ್ವಾರಕಾದ ಕೇಳುಗರೇ, ನಿಮ್ಮ ಪ್ರಶ್ನೆಗೆ ಈಗ ಉತ್ತರ ಕೊಡುತ್ತೇನೆ. ಒಂದು ಬೀಡಿಗೆ ಇಡೀ ಬೆಟ್ಟ ಉರಿಯುವುದಿಲ್ಲ. ಬೀಡಿಯದು ಕಿಡಿ ಮಾತ್ರ. ಸೌದೆಯನ್ನು ನೂರೈವತ್ತು ವರ್ಷಗಳಿಂದ ಒಟ್ಟಿಡಲಾಗಿದೆ. ಹಾಗಂತ ಕಿಡಿಯ ತಪ್ಪೇನೂ ಕಡಿಮೆಯಲ್ಲ, ಆದ್ದರಿಂದ ಬೆಟ್ಟಕ್ಕೆ ಹೋದಾಗ ಬೆಂಕಿಕಡ್ಡಿ ಜೇಬಿನಲ್ಲೇ ಇರಲಿ. ಹೊಗೆ ಕಂಡರೆ ಹತ್ತಿರದ ಅರಣ್ಯ ಚೌಕಿಗೋ ಹಳ್ಳಿಯವರಿಗೋ ತಿಳಿಸಿ. ಕಾರು ನಿಲ್ಲಿಸಿ ಫೋಟೋ ತೆಗೆಯುವಾಗ ಒಂದು ಕ್ಷಣ ಕಾಲಕೆಳಗೂ ನೋಡಿ. ಸೂಜಿಯೆಲೆಯೋ, ಬೆಳ್ಳಿಬೆನ್ನಿನ ಎಲೆಯೋ? ಮಕ್ಕಳಿಗೂ ತೋರಿಸಿ.

ನಿಮ್ಮ ಊರಿನ ಕಾಡೂ ಹೀಗೆ ಬದಲಾದದ್ದನ್ನು ಕಂಡಿದ್ದರೆ ನಮಗೆ ಬರೆದು ತಿಳಿಸಿ. ಆಯ್ದ ಪತ್ರಗಳನ್ನು ಕಾರ್ಯಕ್ರಮದಲ್ಲಿ ಓದುತ್ತೇವೆ. ಈ ಸಲ ಹಾಡಿಗೆ ಹೊತ್ತಾಯಿತೆಂದು ಅರ್ಧಕ್ಕೆ ನಿಲ್ಲಿಸುವುದಿಲ್ಲ, ಪತ್ರವನ್ನು ಪೂರ್ತಿ ಓದುತ್ತೇನೆ!